ಪೊರಕೆ ಹಿಡಿಯುವ ಮೊದಲು

ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡ್ ನಡುರಾತ್ರಿ ಕಳೆಯುತ್ತಿದ್ದಂತೆ ಎದ್ದುಬಿಡುತ್ತದೆ. ಊರಿನವರು ಇನ್ನೂ ಮಗ್ಗಲು ಬದಲಿಸುತ್ತಿರುವಾಗ ಇಲ್ಲಿ ಲಾರಿಗಳ ಹಗ್ಗ ಬಿಚ್ಚಿರುತ್ತದೆ. ಈರುಳ್ಳಿ, ಬಟಾಟೆ, ಶುಂಠಿ, ಬೇಸಗೆಯಲ್ಲಿ ನಮ್ಮ ಕಡೆಯ ಮಾವಿನ ಪೆಟ್ಟಿಗೆ, ಕಾಳುಕಡಿಯ ಭುಸಾರ ವಿಭಾಗಕ್ಕೆ ಬರುವ ಬ್ಯಾಡಗಿ ಮೆಣಸಿನಕಾಯಿಯ ಚೀಲ, ಎಲ್ಲವೂ ಇಳಿಯುವುದು ಮನುಷ್ಯರ ಬೆನ್ನ ಮೇಲೆ. ಹಮಾಲ ಕೈಯಲ್ಲಿನ ಕೊಕ್ಕೆಯನ್ನು ಚೀಲಕ್ಕೆ ಚುಚ್ಚಿ, ಒಂದು ಸಲ ಉಸಿರು ಬಿಗಿಹಿಡಿದು, ಸೊಂಟ ಬಗ್ಗಿಸಿ ಎತ್ತಿಕೊಳ್ಳುತ್ತಾನೆ. ತೂಗುವ ತೋಲಣಾರ ಅಂಕಿ ಕೂಗುತ್ತಾನೆ. ದಲಾಲರ ಗುಮಾಸ್ತ ಬರೆದುಕೊಳ್ಳುತ್ತಾನೆ. ಮರಾಠಿಯ ಈ ಗದ್ದಲದ ನಡುವೆ ವಿಜಯಪುರದ, ಕಲಬುರಗಿಯ ಕನ್ನಡವೂ ಆಗಾಗ ಕಿವಿಗೆ ಬೀಳುತ್ತದೆ. ಚೀಲ ಇಳಿದ ಜಾಗಗಳಲ್ಲಿ ಹೆಂಗಸರು ಸಣ್ಣ ಪೊರಕೆ ಹಿಡಿದು ಕೂತಿರುತ್ತಾರೆ. ಉದುರಿದ ಕಾಳನ್ನು ಗುಡಿಸಿ, ಮೊರಕ್ಕೆ ಹಾಕಿ, ಮಣ್ಣು ಹಾರಿಸಿ, ಕಲ್ಲು ಆರಿಸಿ ಸೆರಗಿನ ಗಂಟಿಗೆ ಸೇರಿಸಿಕೊಳ್ಳುತ್ತಾರೆ.

ಇಂಥ ಪೇಟೆಗೆ, ಇಂಥ ಓಣಿಗಳಿಗೆ ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಬಿಳಿ ಟೋಪಿ, ಒಂದೇ ಬಣ್ಣದ ಟೀ ಶರ್ಟು ತೊಟ್ಟು ಸೇವೆಗೆ ಬರುತ್ತಾರೆ. ಎದೆಯ ಮೇಲೆ ರಾಷ್ಟ್ರೀಯ ಸೇವಾ ಯೋಜನೆಯ (ಎನ್ಎಸ್ಎಸ್) ಬಿಲ್ಲೆ. ಅದರಲ್ಲಿ ಕೋನಾರ್ಕದ ರಥದ ಗಾಲಿ. ಗಾಲಿಯ ಎಂಟು ಕಡ್ಡಿಗಳು ದಿನದ 24 ಗಂಟೆಯ ಗುರುತು. ಹಗಲಿರಲಿ ಇರುಳಿರಲಿ ಸೇವೆಗೆ ಸಿದ್ಧ ಎಂಬುದು ಅದರ ಅರ್ಥ ಎಂದು ಮೊದಲ ದಿನವೇ ಹೇಳಿಕೊಡುತ್ತಾರೆ. ಆದರೆ ಆ ಮಾತನ್ನು ಯಾವ ಬಿಲ್ಲೆಯೂ ಇಲ್ಲದೆ ದಿನವೂ ನಡೆಸುತ್ತಿರುವವರು ಹಮಾಲರು, ಕಾಳು ಆರಿಸುವವರು, ಕಸ ಎತ್ತುವವರು. ಹೀಗಿರುವಾಗ ಇಲ್ಲಿ ಯಾರು ಯಾರಿಗೆ ಸೇವೆ ಮಾಡುತ್ತಿದ್ದಾರೆ? ಎಳೆಯರ ಉತ್ಸಾಹಕ್ಕೆ ತಣ್ಣೀರೆರಚುವ ಪ್ರಶ್ನೆ ಇದಲ್ಲ. ಆ ಉತ್ಸಾಹ ಪೋಲಾಗಬಾರದು ಎಂಬ ಕಳಕಳಿಯಿಂದಲೇ ಇದನ್ನು ಕೇಳಬೇಕಾಗಿದೆ.

ಎನ್ಎಸ್ಎಸ್ ಹುಟ್ಟಿದ್ದು ಗಾಂಧೀಜಿಯ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್ ಆಗ ಬಳ್ಳಾರಿಯ ಲೋಕಸಭಾ ಸದಸ್ಯರು. ಮುಂದೆ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಅರ್ಥಶಾಸ್ತ್ರಜ್ಞ. ಮೊದಲ ವರ್ಷ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳು ಸೇರಿದರು. ಅದಕ್ಕೆ ಹತ್ತು ವರ್ಷ ಮೊದಲು ಸಿ.ಡಿ. ದೇಶಮುಖರ ಸಮಿತಿ ಪ್ರೌಢಶಾಲೆ ಮುಗಿಸಿ ಕಾಲೇಜು ಸೇರುವವರಿಗೆಲ್ಲ ರಾಷ್ಟ್ರೀಯ ಸೇವೆ ಕಡ್ಡಾಯವಾಗಲಿ ಎಂದು ಹೇಳಿತ್ತು. ದೇಶ ಆ ದಾರಿ ಹಿಡಿಯಲಿಲ್ಲ, ಇಷ್ಟಪಟ್ಟವರು ಬರಲಿ ಎಂದಿತು. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ, ನಡುವೆ ಏಳು ದಿನದ ವಿಶೇಷ ಶಿಬಿರ. ಕರ್ನಾಟಕದ ಸಾವಿರಾರು ಮನೆಗಳಲ್ಲಿ ಈ ಶಿಬಿರದ ಪ್ರಮಾಣಪತ್ರ ಇಂದಿಗೂ ಟ್ರಂಕಿನ ತಳದಲ್ಲಿದೆ. ಹಳ್ಳಿಯ ಶಾಲೆಯ ಜಗಲಿಯಲ್ಲಿ ಮಲಗಿದ್ದು, ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿದ್ದು, ಬಚ್ಚಲ ನೀರಿನ ಇಂಗುಗುಂಡಿ ತೋಡಿದ್ದು ಹಲವರಿಗೆ ಕಾಲೇಜಿನ ಪಾಠಗಳಿಗಿಂತ ಚೆನ್ನಾಗಿ ನೆನಪಿದೆ.

ಈ ಯೋಜನೆಯ ಗುರಿಯನ್ನು ಅದನ್ನು ರೂಪಿಸಿದವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಸಮುದಾಯ ಸೇವೆಯ ಮೂಲಕ ವಿದ್ಯಾರ್ಥಿಯ ವ್ಯಕ್ತಿತ್ವ ಬೆಳೆಯಬೇಕು. ಓಣಿ ಚೊಕ್ಕಟವಾಗುವುದು, ಗಿಡ ನೆಡುವುದು ಇದಕ್ಕೆ ದಾರಿ ಮಾತ್ರ. ನಾವು ಸಾಮಾನ್ಯವಾಗಿ ಈ ಮಾತನ್ನು ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಿದರೆ ಅದರೊಳಗೆ ದೊಡ್ಡ ಹೊಣೆಯೊಂದು ಕಾಣುತ್ತದೆ. ಬೆಳೆಯಬೇಕಾದವನು ವಿದ್ಯಾರ್ಥಿಯಾದರೆ, ಅವನನ್ನು ಬೆಳೆಸುವವರು ಯಾರು? ಅವನು ಸೇವೆ ಮಾಡಲೆಂದು ಹೋದ ಓಣಿಯ ಜನ. ಪಾಠ ಅವರದು, ಪಾಠಶಾಲೆಯೂ ಅವರದೇ. ಹಾಗಾದರೆ ಶಿಬಿರ ಮುಗಿದ ದಿನ ಋಣ ಉಳಿಯುವುದು ವಿದ್ಯಾರ್ಥಿಯ ಮೇಲೆ, ಓಣಿಯ ಮೇಲಲ್ಲ. ಆದರೆ ನಮ್ಮ ಸಮಾರೋಪ ಸಮಾರಂಭಗಳಲ್ಲಿ ಹಾರ ಬೀಳುವುದು ಬಂದುಹೋಗುವವರ ಕೊರಳಿಗೆ. ಚಪ್ಪಾಳೆ ತಟ್ಟುವುದು ಅಲ್ಲೇ ಉಳಿಯುವವರ ಪಾಲಿಗೆ.

ಮಾರ್ಕೆಟ್ ಯಾರ್ಡಿನ ಕಾಳು ಆರಿಸುವ ಹೆಂಗಸನ್ನೇ ತೆಗೆದುಕೊಳ್ಳೋಣ. ಒಂದು ಭಾನುವಾರ ಸ್ವಚ್ಛತಾ ಅಭಿಯಾನವಿದೆ, ಐವತ್ತು ಜನ ಹುರುಪಿನ ಹುಡುಗರು ಅವಳು ದಿನವೂ ಕೂರುವ ಜಾಗವನ್ನು ಕನ್ನಡಿಯಂತೆ ಗುಡಿಸಿ, ಎಲ್ಲವನ್ನೂ ಕಸದ ಗಾಡಿಗೆ ತುಂಬಿ ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ಅವಳು ಎದ್ದು ನಿಂತು, “ನೀವ ಎಲ್ಲಾ ಹೊಡದು ಒಯ್ದರ ನಾ ಏನ್ ಆರಿಸಲ್ರೀ ತಮ್ಮಾ?” ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿದೆಯೇ? ಹುಡುಗರ ಮನಸ್ಸು ಶುದ್ಧವೇ, ಬೆವರು ನಿಜವೇ, ನೆಲವೂ ಚೊಕ್ಕಟವೇ. ಆದರೆ ಒಂದು ಮನೆಯ ಆ ಹೊತ್ತಿನ ಹಿಟ್ಟು ಕಸದ ಗಾಡಿಯಲ್ಲಿ ಹೋಯಿತು. ಹುಡುಗರು ಕೆಟ್ಟದ್ದೇನನ್ನೂ ಮಾಡಲಿಲ್ಲ. ಅವಳನ್ನು ಕೇಳಲಿಲ್ಲ, ಅಷ್ಟೇ. ತಪ್ಪಿದ್ದು ಅಲ್ಲೇ.

ಕನ್ನಡದವರಿಗೆ ಈ ಹೆಂಗಸು ಹೊಸಬಳಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ. ಅಂಗಳದಲ್ಲಿ ಉದುರಿದ ಅಕ್ಕಿ ಆಯುವುದೇ ಅವರ ಕಾಯಕ. ಆ ಅಕ್ಕಿಯಲ್ಲೇ ಅವರ ದಾಸೋಹ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಎಲ್ಲಿಂದ ತಂದೆಯೋ ಅಲ್ಲಿಗೇ ಸುರಿದು ಬಾ ಎಂದು ಲಕ್ಕಮ್ಮ ಹೇಳಿದಳೆಂದು ಕಥೆ. ನೆಲದ ಮೇಲಿನ ಕಾಳನ್ನು ಆರಿಸಿ ಬದುಕುವವಳು ಅಂದಿನ ಕಲ್ಯಾಣಕ್ಕೆ ನೀತಿ ಹೇಳುವ ಎತ್ತರದಲ್ಲಿ ನಿಂತಿದ್ದಳು. ಅವಳಿಗೆ ಯಾರೂ ಸೇವೆ ಮಾಡಲು ಬರಲಿಲ್ಲ. ಅವಳ ಕೆಲಸವನ್ನು ಕೆಲಸವೆಂದು ಒಪ್ಪಿ, ಅವಳ ಮಾತನ್ನು ಮಾತೆಂದು ಕೇಳಿದರು. ಶರಣರು ಕಂಡ ಸಮಾನತೆಯಲ್ಲಿ ಕೊಡುವವರ ಜಾತಿ ಒಂದು, ಪಡೆಯುವವರ ಜಾತಿ ಇನ್ನೊಂದು ಎಂಬುದಿರಲಿಲ್ಲ. ಕಾಯಕ ಮಾಡುವವರೇ ದಾಸೋಹವನ್ನೂ ಮಾಡುವವರು.

ಲಕ್ಕಮ್ಮನ ಈ ಎತ್ತರವನ್ನು ನಾವು ಪಟ್ಟಣಗಳಲ್ಲಿ ಹೇಗೆ ಕಳೆದುಕೊಂಡೆವು ಎನ್ನುವುದಕ್ಕೆ 1972ರ ಬರ ಒಂದು ಸಾಕ್ಷಿ. ಮರಾಠವಾಡ, ಸೊಲ್ಲಾಪುರ ಮತ್ತು ಗಡಿಯಾಚೆಯ ನಮ್ಮ ಉತ್ತರ ಕರ್ನಾಟಕ ಒಣಗಿ ಬಿರುಕುಬಿಟ್ಟಿದ್ದ ಕಾಲ ಅದು. ಮರುವರ್ಷ, 1973ರಲ್ಲಿ, ಎನ್ಎಸ್ಎಸ್ ಶಿಬಿರಗಳ ಘೋಷವಾಕ್ಯವೇ ಬರದ ವಿರುದ್ಧ ಯುವಜನ ಎಂದಿತ್ತು. ವಿದ್ಯಾರ್ಥಿಗಳು ಗುದ್ದಲಿ ಹಿಡಿದು ಹಳ್ಳಿಗಳಿಗೆ ಹೋದರು. ಅದೇ ಹೊತ್ತಿಗೆ ಆ ಹಳ್ಳಿಗಳ ಭೂಮಿಯಿಲ್ಲದ ಕುಟುಂಬಗಳು ಪಾತ್ರೆಪಡಗ ಕಟ್ಟಿಕೊಂಡು ಪುಣೆಗೆ ಬಂದಿಳಿದವು. ಗಂಡಸರು ಹಮಾಲಿಗೆ, ಕಟ್ಟಡ ಕೆಲಸಕ್ಕೆ ಹೋದರು. ಹೆಂಗಸರಲ್ಲಿ ಅನೇಕರು, ಬಹುಪಾಲು ದಲಿತ ಹೆಂಗಸರು, ಬೆಳಗಾಗೆದ್ದು ತೊಟ್ಟಿಗಳಲ್ಲಿ ಕಾಗದ, ಗಾಜು, ತಗಡು ಆರಿಸತೊಡಗಿದರು. ಶಿಬಿರ ಮುಗಿಸಿ ಊರಿಗೆ ಮರಳಿದ ವಿದ್ಯಾರ್ಥಿ, ತನ್ನ ಬೀದಿಯ ತುದಿಯ ತೊಟ್ಟಿಗೆ ಬಗ್ಗಿ ನಿಂತಿದ್ದವಳು ತಾನು ಬರ ನೀಗಿಸಲು ಹೋಗಿದ್ದ ಹಳ್ಳಿಯವಳೇ ಇರಬಹುದೆಂದು ಎಣಿಸಿದನೇ? ಹಳ್ಳಿಯಲ್ಲಿ ಅವಳು ಬರದ ಸಂತ್ರಸ್ತೆ, ಪೇಟೆಯಲ್ಲಿ ಅವಳೇ ಕಸದವಳು. ದೂರದ ಸಂಕಟಕ್ಕೆ ಮರುಗುವ ಮನಸ್ಸು ಹತ್ತಿರದ ಮುಖವನ್ನು ಗುರುತಿಸದೆ ಹೋಗುವುದು ಸೇವೆಯ ಹಾದಿಯಲ್ಲಿ ಎದುರಾಗುವ ಮೊದಲ ತೊಡಕು.

ಪುಣೆಯಲ್ಲೇ ಆ ತೊಡಕು ಬಿಡಿಸಿಕೊಂಡವರಿದ್ದಾರೆ. 1990ರ ಸುಮಾರಿಗೆ ಎಸ್ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದವರು ಕಸ ಆರಿಸುವವರ ಮಕ್ಕಳಿಗೆ ಅಕ್ಷರ ಕಲಿಸಲು ಹೊರಟರು. ಲಕ್ಷ್ಮೀ ನಾರಾಯಣ್, ಪೂರ್ಣಿಮಾ ಚಿಕರ್ಮಾನೆ ಆ ತಂಡದಲ್ಲಿದ್ದರು. ಸ್ಲೇಟು ಬಳಪ ಕೊಟ್ಟು, ಗಂಟೆ ಲೆಕ್ಕ ಬರೆದು ಅವರು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಹೆಂಗಸರ ಜತೆ ನಸುಕಿನಲ್ಲಿ ತೊಟ್ಟಿಗಳ ಬಳಿಗೇ ನಡೆದುಹೋದರು. ಈ ಕೊಳಕು ಕೆಲಸ ಬಿಟ್ಟು ಬೇರೆ ಉದ್ಯೋಗ ಹಿಡಿಯುತ್ತೀರಾ ಎಂದು ಕೇಳಿದಾಗ ಹೆಂಗಸರು ಒಪ್ಪಲಿಲ್ಲ. ಇನ್ನೊಬ್ಬರ ಮನೆಯಲ್ಲಿ ಮುಸುರೆ ತಿಕ್ಕಿ ಬೈಸಿಕೊಳ್ಳುವುದಕ್ಕಿಂತ ಯಾರ ಹಂಗೂ ಇಲ್ಲದ ಈ ಕೆಲಸವೇ ಅವರಿಗೆ ಮೇಲಾಗಿತ್ತು. ಅವರಿಗೆ ಬೇಕಿದ್ದದ್ದು ಬೇರೆ ಕೆಲಸವಲ್ಲ, ಇದೇ ಕೆಲಸದಲ್ಲಿ ಮರ್ಯಾದೆ. ಒಣಕಸ ಹಸಿಕಸ ಬೆರೆಯದೆ ಸಿಕ್ಕರೆ ಕೈ ಕೊಳೆಯುವುದಿಲ್ಲ, ಗಾಜು ಚುಚ್ಚುವುದಿಲ್ಲ, ರದ್ದಿಗೆ ಒಳ್ಳೆಯ ದರ ಬರುತ್ತದೆ, ದುಡಿಯುವ ಹೊತ್ತು ಕಡಿಮೆಯಾಗಿ ಮಕ್ಕಳು ಶಾಲೆಗೆ ಹೋಗಬಹುದು. ಅಕ್ಷರ ಕಲಿಸಲು ಹೋದವರು ಈ ಲೆಕ್ಕವನ್ನು ಅವರಿಂದ ಕಲಿತರು.

ಅಲ್ಲಿಂದ ಕೆಲಸದ ದಿಕ್ಕೇ ಬದಲಾಯಿತು. ವಿಶ್ವವಿದ್ಯಾಲಯದವರು ಮನೆ ಮನೆ ತಿರುಗಿ, ಹಸಿ ಒಣ ಬೇರೆ ಮಾಡಿ ಈ ಹೆಂಗಸರ ಕೈಗೇ ಕೊಡಿ ಎಂದು ಕೇಳಿಕೊಂಡರು. ಅವರಿಗೆ ಗುರುತಿನ ಚೀಟಿ ಮಾಡಿಸಿಕೊಟ್ಟರು. ಮನೆಬಾಗಿಲ ಕಸವನ್ನು ಖಾಸಗಿ ಗಾಡಿಯೊಂದು ಎತ್ತಿಕೊಂಡು ಹೋಗುವ ಪ್ರಸಂಗ ಬಂದಾಗ, ಅನ್ನಕ್ಕೇ ಕುತ್ತು ಬಂತೆಂದು ಹೆಂಗಸರು ಅಡ್ಡ ನಿಂತರು. 1993ರಲ್ಲಿ ಪುಣೆಯಲ್ಲಿ ನಡೆದ ಅವರ ಸಮಾವೇಶಕ್ಕೆ 800ಕ್ಕೂ ಹೆಚ್ಚು ಜನ ಬಂದರು. ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಅವರ ಸಂಘಟನೆ ಹುಟ್ಟಿತು. ಮುಂದೆ ಪುಣೆ ಮಹಾನಗರಪಾಲಿಕೆ ಅವರ ಗುರುತಿನ ಚೀಟಿಗೆ ತನ್ನ ಮುದ್ರೆ ಒತ್ತಿತು, ಆರೋಗ್ಯ ವಿಮೆ ಕಟ್ಟಿತು. 2008ರಲ್ಲಿ ಅವರದೇ ಸಹಕಾರಿ ಸಂಸ್ಥೆ ‘ಸ್ವಚ್ಛ್’ ಪಾಲಿಕೆಯೊಂದಿಗೆ ಕರಾರು ಮಾಡಿಕೊಂಡು ಮನೆಬಾಗಿಲ ಕಸ ಸಂಗ್ರಹಕ್ಕೆ ಇಳಿಯಿತು. ಬೆಂಗಳೂರಿನಲ್ಲೂ 2011ರಲ್ಲಿ ಕಸ ಆಯುವವರಿಗೆ ಬಿಬಿಎಂಪಿ ಗುರುತಿನ ಚೀಟಿ ಕೊಟ್ಟಿತು, ಹಸಿರು ದಳ ಎಂಬ ಸಂಸ್ಥೆ ಅವರ ಬೆನ್ನಿಗೆ ನಿಂತಿತು. ಗುರುತಿನ ಚೀಟಿ ಎಂದರೆ ಅಂಗೈಯಗಲದ ಕಾಗದ. ಅದು ಕೊರಳಲ್ಲಿದ್ದರೆ ಪೊಲೀಸನ ಲಾಠಿ ತಡೆಯುತ್ತದೆ, ಕಳ್ಳಿ ಎಂಬ ಬೈಗುಳ ತಡೆಯುತ್ತದೆ. ಸಾವಿರ ಗಂಟೆಯ ಸೇವೆ ಮಾಡಲಾಗದ್ದನ್ನು ಆ ಕಾಗದ ಮಾಡುತ್ತದೆ.

1993ರ ಆ ಸಮಾವೇಶದಲ್ಲಿ ಮುಂದಾಳಾಗಿ ನಿಂತವರು ಡಾ. ಬಾಬಾ ಆಢಾವ್. ಅವರ ಕಥೆ ನಮ್ಮನ್ನು ಮತ್ತೆ ಹಮಾಲರ ಬಳಿಗೆ ತರುತ್ತದೆ. ನಾನಾ ಪೇಠದಲ್ಲಿ ದವಾಖಾನೆ ಇಟ್ಟಿದ್ದ ಅವರಲ್ಲಿಗೆ ಹಮಾಲರು ಬರುತ್ತಿದ್ದರು. ಬೆನ್ನುನೋವಿಗೆ ಮದ್ದು ಕೊಟ್ಟು ಕಳಿಸುವುದೂ ಸೇವೆಯೇ. ಆದರೆ ನೋವು ಬೆನ್ನಿನಲ್ಲಿದ್ದರೂ ಅದರ ಬೇರು ಬೆನ್ನ ಮೇಲಿನ ಚೀಲದಲ್ಲಿತ್ತು, ಚೀಲದ ಭಾರದ ಬಗ್ಗೆ ಮಾತಾಡುವ ಹಕ್ಕಿಲ್ಲದ ಬಾಯಲ್ಲಿತ್ತು. 1950ರ ದಶಕದಲ್ಲಿ ಹಮಾಲ ಪಂಚಾಯತ್ ಕಟ್ಟಿದ ಅವರು ಕ್ವಿಂಟಲ್ ತೂಗುವ ಚೀಲ 50 ಕಿಲೋಗೆ ಇಳಿಯಬೇಕೆಂದು ದಶಕಗಟ್ಟಲೆ ಹಟ ಹಿಡಿದರು. ಒಬ್ಬ ಆಳು ಹೊರುವ ಭಾರ 55 ಕಿಲೋ ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಶಿಫಾರಸು ಮಾಡಿದ್ದು 1967ರಲ್ಲಿ. 1974ರಲ್ಲಿ ಹಮಾಲ ಪಂಚಾಯತ್ ‘ಕಷ್ಟಾಚೀ ಭಾಕರ್’, ಎಂದರೆ ದುಡಿಮೆಯ ರೊಟ್ಟಿ, ಎಂಬ ಊಟದ ಮನೆ ತೆರೆಯಿತು. ಲಾಭವಿಲ್ಲ, ನಷ್ಟವಿಲ್ಲ, ದುಡಿಯುವವನಿಗೆ ಕೈಗೆಟಕುವ ದರದಲ್ಲಿ ರೊಟ್ಟಿ ಪಲ್ಯ. ಅದು ಪುಕ್ಕಟೆ ಊಟವಲ್ಲ ಎನ್ನುವುದನ್ನು ಮರೆಯಬಾರದು. ಹಮಾಲ ಅಲ್ಲಿ ದುಡ್ಡು ಕೊಟ್ಟು, ತಲೆಯೆತ್ತಿ ಕೂತು ಉಣ್ಣುತ್ತಾನೆ. ಮಾರ್ಕೆಟ್ ಯಾರ್ಡಿನ ಹಮಾಲ ಭವನ ಹಮಾಲರದೇ ಮನೆ, ಯಾರೋ ಕಟ್ಟಿಕೊಟ್ಟ ಧರ್ಮಛತ್ರವಲ್ಲ.

ಎನ್ಎಸ್ಎಸ್ ಹುಟ್ಟಿದ ಅದೇ 1969ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಥಾಡಿ ಕಾನೂನು ತಂದಿತು. ತಲೆಹೊರೆಯವರಿಗೆ, ಹಮಾಲರಿಗೆ, ಕೂಲಿಗಳಿಗೆ ಪ್ರತ್ಯೇಕ ಮಂಡಳಿ. ಮಾಲೀಕ ಕೂಲಿಯನ್ನೂ ಅದರ ಮೇಲಿನ ಪಾಲನ್ನೂ ಮಂಡಳಿಗೆ ಕಟ್ಟಬೇಕು, ಭವಿಷ್ಯನಿಧಿ, ಗ್ರಾಚ್ಯುಟಿ, ಔಷಧೋಪಚಾರ ಮಂಡಳಿಯಿಂದ ಸಿಗಬೇಕು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡನ್ನು ನಾವು ಎಂದೂ ಒಟ್ಟಿಗೆ ಇಟ್ಟು ನೋಡಿಲ್ಲ. ಒಂದು, ಓದುವ ಮಕ್ಕಳೇ ದುಡಿಯುವವರ ಬಳಿ ಹೋಗಿ ಎನ್ನುತ್ತದೆ. ಇನ್ನೊಂದು, ದುಡಿಯುವವರೇ ನಿಮ್ಮ ಪಾಲು ನಿಮಗೆ ಬರಲೇಬೇಕು ಎನ್ನುತ್ತದೆ. ಒಂದು ಕರುಣೆಯ ಮಾತು, ಇನ್ನೊಂದು ನ್ಯಾಯದ ಮಾತು. ನ್ಯಾಯದ ಅರಿವಿಲ್ಲದ ಕರುಣೆ ಪ್ರತಿ ವರ್ಷ ಅದೇ ಓಣಿಗೆ ಬಂದು ಅದೇ ಗಟಾರ ಬಳಿಯುತ್ತಲೇ ಇರುತ್ತದೆ. ಕರುಣೆಯಿಲ್ಲದ ನ್ಯಾಯ ಕಚೇರಿಯ ಕಪಾಟಿನಲ್ಲೇ ಉಳಿಯುತ್ತದೆ. ಕಾನೂನಿದೆ, ಆದರೆ ಅರ್ಜಿ ತುಂಬಲು ಬಾರದವನಿಗೆ ಅದು ಇದ್ದೂ ಇಲ್ಲದಂತೆ. ಓದು ಬಲ್ಲ ಹುಡುಗಿ ಅವನ ಪಕ್ಕದಲ್ಲಿ ಕೂರಬೇಕಾದದ್ದು ಅಲ್ಲಿ.

ಹಾಗಾದರೆ ಪೊರಕೆ ಹಿಡಿಯುವುದು ವ್ಯರ್ಥವೇ? ಅಲ್ಲವೇ ಅಲ್ಲ. ಆಷಾಢದ ವಾರಿ ಎಂಬ ಪಾದಯಾತ್ರೆಯಲ್ಲಿ ಸಂತರಾದ ಜ್ಞಾನೇಶ್ವರ, ತುಕಾರಾಮರ ಪಲ್ಲಕ್ಕಿಗಳು ಪುಣೆಗೆ ಬಂದು ಭವಾನಿ ಪೇಠ, ನಾನಾ ಪೇಠಗಳಲ್ಲಿ ತಂಗುತ್ತವೆ. ಲಕ್ಷಗಟ್ಟಲೆ ವಾರಕರಿಗಳು ಹಾದುಹೋದ ದಾರಿಯಲ್ಲಿ ಪುಣೆ ವಿಶ್ವವಿದ್ಯಾಲಯದ ಎನ್ಎಸ್ಎಸ್ ವಿದ್ಯಾರ್ಥಿಗಳು ನಿರ್ಮಲ ವಾರಿಯ ಹೆಸರಿನಲ್ಲಿ ಕಸ ಎತ್ತುತ್ತಾರೆ. ಇನ್ನೊಬ್ಬರು ಉಂಡ ಎಲೆ ಎತ್ತಿದ ಕೈಗೆ ಆ ದಿನ ಒಂದು ಮಡಿವಂತಿಕೆ ಕಳಚಿಬೀಳುತ್ತದೆ. ಮನೆಯಲ್ಲಿ ತನ್ನ ತಟ್ಟೆಯನ್ನೂ ತೊಳೆಯದ ಹುಡುಗ ಅಪರಿಚಿತರ ಎಂಜಲು ಬಳಿಯುವಾಗ, ಯಾವುದು ಮೇಲಿನ ಕೆಲಸ ಯಾವುದು ಕೀಳು ಎಂದು ಮನೆ, ಜಾತಿ, ಓಣಿ ಅವನಿಗೆ ಕಲಿಸಿದ್ದೆಲ್ಲ ಅಲುಗಾಡುತ್ತದೆ. ಗಾಂಧೀಜಿ ಆಶ್ರಮದಲ್ಲಿ ಎಲ್ಲರ ಕೈಗೂ ಪೊರಕೆ ಕೊಟ್ಟದ್ದು ಇದಕ್ಕೇ. ಆದರೆ ಅಲುಗಾಡಿದ್ದು ಮತ್ತೆ ಗಟ್ಟಿಯಾಗಿ ಕೂರಬಾರದು. ಶಿಬಿರದ ಏಳು ದಿನ ಪೊರಕೆ ಹಿಡಿದು, ಎಂಟನೆಯ ದಿನ ತನ್ನ ಮನೆಬಾಗಿಲಿಗೆ ಬಂದ ಪೌರಕಾರ್ಮಿಕಳ ಮುಖ ನೋಡದೆ ಬೆರಕೆ ಕಸದ ಚೀಲ ನೂಕಿದರೆ, ಆ ಏಳು ದಿನದ ಬೆಲೆ ಒಂದು ಛಾಯಾಚಿತ್ರದಷ್ಟೇ.

ದೊಡ್ಡದೆನಿಸದ ಕೆಲಸವೊಂದರಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುವಂತಿದೆ. ಮುಟ್ಟಿನ ಪ್ಯಾಡು, ಮಗುವಿನ ಡಯಾಪರು ಒಣಕಸದಲ್ಲಿ ಸೇರಿ ಬಂದಾಗ, ಆರಿಸುವ ಹೆಂಗಸು ಅದನ್ನು ಬರಿಗೈಯಲ್ಲಿ ಬಿಚ್ಚಿ ನೋಡಿ ಬೇರೆ ಮಾಡಬೇಕಾಗುತ್ತದೆ. ಅದಕ್ಕೆಂದೇ ಪುಣೆಯಲ್ಲೂ ಬೆಂಗಳೂರಿನಲ್ಲೂ ಒಂದು ಸರಳ ರೂಢಿಯನ್ನು ಬೆಳೆಸಲು ಹೊರಟರು. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೊಂದು ಕೆಂಪು ಚುಕ್ಕೆ ಇಟ್ಟು ಬೇರೆಯಾಗಿ ಕೊಡುವುದು. ಚುಕ್ಕೆ ಕಂಡರೆ ಅವಳು ಬಿಚ್ಚುವುದಿಲ್ಲ. ಇಷ್ಟಕ್ಕೆ ಬ್ಯಾನರು ಬೇಡ, ಮುಖ್ಯ ಅತಿಥಿ ಬೇಡ, ಟೀ ಶರ್ಟು ಬೇಡ. ಎನ್ಎಸ್ಎಸ್ ತಂಡವೊಂದು ತನ್ನ ಬಡಾವಣೆಯ ನೂರು ಮನೆಗಳಿಗೆ ಹೋಗಿ, ಅಜ್ಜಿಯರ ಎದುರೂ ಗಂಡಸರ ಎದುರೂ ಸಂಕೋಚವಿಲ್ಲದೆ ಇದನ್ನು ವಿವರಿಸಿ, ಪ್ರತಿ ತಿಂಗಳೂ ಮತ್ತೆ ಹೋಗಿ ವಿಚಾರಿಸಿದರೆ, ಬೀದಿ ಗುಡಿಸಿದ್ದಕ್ಕಿಂತ ಹೆಚ್ಚಿನ ಕೆಲಸ ಆದಂತೆ. ಇಲ್ಲಿ ಸೇವೆ ಯಾರಿಗೋ ಏನನ್ನೋ ಕೊಡುವುದಲ್ಲ, ನಾವು ಅವಳ ಕೈಗೆ ಮಾಡುತ್ತಿದ್ದ ಅಪಮಾನವನ್ನು ನಿಲ್ಲಿಸುವುದು. ಬಹಳ ಸಲ ಸೇವೆ ಎಂದರೆ ಇಷ್ಟೇ: ನಮ್ಮಿಂದ ಆಗುತ್ತಿರುವ ಕೇಡನ್ನು ನಾವೇ ಗುರುತಿಸಿ ನಿಲ್ಲಿಸುವುದು.

ನನಗಲ್ಲ, ನಿನಗೆ ಎಂಬುದು ಎನ್ಎಸ್ಎಸ್‌ನ ಧ್ಯೇಯವಾಕ್ಯ. ಅದನ್ನು ಎದೆ ಮೇಲೆ ಕೈಯಿಟ್ಟು ಹೇಳುವ ಮಕ್ಕಳ ಬಗ್ಗೆ ನನಗೆ ತುಂಬು ಗೌರವವಿದೆ. ಹದಿನೆಂಟರ ವಯಸ್ಸಿನಲ್ಲಿ ತನ್ನನ್ನು ಹಿಂದಿಟ್ಟು ಇನ್ನೊಬ್ಬರನ್ನು ಮುಂದಿಡಲು ಮನಸ್ಸು ಬರುವುದೇ ದೊಡ್ಡದು. ಆ ಮನಸ್ಸು ಮುಂದೆ ಸಂಬಳ, ಸೈಟು, ಬಡ್ತಿಗಳ ನಡುವೆ ಎಷ್ಟೋ ಜನರಲ್ಲಿ ಬತ್ತಿಹೋಗುತ್ತದೆ. ಅದನ್ನು ಬತ್ತಗೊಡಬಾರದು ಎಂಬುದಕ್ಕಾಗಿಯೇ ಹೇಳುತ್ತಿದ್ದೇನೆ: ಎದುರಿಗಿರುವವರಿಗೆ ಏನು ಬೇಕೆಂದು ಅವರ ಬಾಯಿಂದಲೇ ಬರಬೇಕು. ಅದನ್ನು ನಾವೇ ಊಹಿಸಿಕೊಂಡು ಮಾಡಿದರೆ ‘ನಿನಗೆ’ ಎಂದು ಹೇಳುತ್ತಲೇ ನಮ್ಮನ್ನು ನಾವು ಮೆಚ್ಚಿಸಿಕೊಳ್ಳುತ್ತಿರುತ್ತೇವೆ. ಎಷ್ಟು ಗಂಟೆ ಮಾಡಿದೆ ಎಂಬುದು ವಿಶ್ವವಿದ್ಯಾಲಯದ ಡೈರಿಗೆ ಬೇಕಾದ ಲೆಕ್ಕ, ಅದು ಇರಲಿ. ನಾವು ಬಂದುಹೋದ ಮೇಲೆ ಆ ಓಣಿಯವರ ಕೈಯಲ್ಲಿ ಮೊದಲಿಲ್ಲದ ಯಾವ ಬಲ ಉಳಿಯಿತು, ಯಾವ ಕಾಗದ ಸಿಕ್ಕಿತು, ಯಾವ ಮಾತು ಹೊರಬಂತು ಎಂಬ ಲೆಕ್ಕವೂ ಅದೇ ಡೈರಿಯಲ್ಲಿ ಇರಬೇಕು.

ಈ ವರ್ಷ ಎನ್ಎಸ್ಎಸ್ ಸೇರುವ ತಮ್ಮಂದಿರಿಗೆ, ತಂಗಿಯರಿಗೆ, ಅವರನ್ನು ಕರೆದೊಯ್ಯುವ ಮೇಷ್ಟ್ರುಗಳಿಗೆ ಇಷ್ಟು ವಿನಂತಿ. ಓಣಿಯನ್ನು ಆರಿಸಿಕೊಳ್ಳುವಾಗ ದೂರದ್ದನ್ನಲ್ಲ, ವರ್ಷವಿಡೀ ಹೋಗಿಬರಬಹುದಾದ ಹತ್ತಿರದ್ದನ್ನೇ ಆರಿಸಿ. ಪುಣೆಯ ಮಾರ್ಕೆಟ್ ಯಾರ್ಡಿರಲಿ, ಹುಬ್ಬಳ್ಳಿಯ ಎಪಿಎಂಸಿ ಇರಲಿ, ಬೆಂಗಳೂರಿನ ಯಶವಂತಪುರವಿರಲಿ. ಮೊದಲ ದಿನ ಏನನ್ನೂ ಮಾಡಬೇಡಿ. ಅಲ್ಲಿ ದಿನವೂ ದುಡಿಯುವವರ ಪಕ್ಕ ಕೂತು, ಹೆಸರು ಊರು ವಿಚಾರಿಸಿ, ಅಕ್ಕಾ, ಅಣ್ಣಾ, ನಿಮ್ಮ ಕೆಲಸಕ್ಕೆ ಅಡ್ಡಿಯಾಗಿರುವುದು ಏನು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಕುಡಿಯುವ ನೀರಿನ ನಲ್ಲಿ ಎನ್ನಬಹುದು, ಹೆಂಗಸರಿಗೆ ಶೌಚಾಲಯ ಎನ್ನಬಹುದು, ಆಧಾರ್‌ನಲ್ಲಿ ತಪ್ಪಾದ ಹೆಸರು ಎನ್ನಬಹುದು, ಮಗಳ ಶಾಲೆಯ ದಾಖಲಾತಿ ಎನ್ನಬಹುದು. ನಿಮ್ಮ 120 ಗಂಟೆ ಅದಕ್ಕೆ ಸಲ್ಲಲಿ. ಪೊರಕೆ ಬೇಕೆಂದು ಅವರೇ ಹೇಳಿದರೆ, ಅಂದು ಪೊರಕೆ ಹಿಡಿದು ಅವರ ಜತೆಗೇ ಗುಡಿಸಿ.